ಅತ್ತಿಗೆ ಮಾತು ಒಡೆಯಲು ಕಲಿತದ್ದು

ನಿವೃತ್ತಳಾದ ಹೊಸತರಲ್ಲಿ ನನಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹಿಡಿಯಿತು. ಅರಸೀಕೆರೆಯಲ್ಲಿ ಕೂತು ಅದನ್ನು ಯಾರೊಂದಿಗೆ ಆಡುತ್ತೀರಿ ಎಂದು ಕೇಳಬೇಡಿ. ಗೋಡೆಯ ಹಲ್ಲಿ ಇದುವರೆಗೆ ಆಕ್ಷೇಪಿಸಿಲ್ಲ. ಸ್ಪ್ಯಾನಿಷಿನಲ್ಲಿ ಇಂಗ್ಲಿಷಿನಂತೆ ಬರೆಯುವುದೊಂದು, ಓದುವುದೊಂದು ಅಲ್ಲ; ಬಹುಮಟ್ಟಿಗೆ ಬರೆದಂತೆ ಓದಿದರಾಯಿತು. ‘ಕಾಸಾ’ ಎಂದರೆ ಮನೆ, ‘ಮೇಸಾ’ ಎಂದರೆ ಮೇಜು. ಅರ್ಥವಾಗದಿದ್ದರೂ ಬೇಗನೆ ಗಟ್ಟಿಯಾಗಿ ಓದತೊಡಗಿದೆ. ಒಂದನೇ ತರಗತಿಗೆ ಪಾಠ ಮಾಡಿಯೇ ಕೂದಲು ಬೆಳ್ಳಗಾದವಳು. ಓದು ಎಂದರೆ ಇಷ್ಟೇ ಎಂದು ಬೀಗಿದೆ.

ಆ ಜಂಬ ಇಳಿಸಿದವರು ನನ್ನ ಅಣ್ಣನ ಹೆಂಡತಿ, ಸೀತಮ್ಮ ಅತ್ತಿಗೆ. ಮಾಲೇಕಲ್ಲಿನ ದೇವಸ್ಥಾನಕ್ಕೆ ನೈವೇದ್ಯ ಮಾಡಿಕೊಡುವವರು. ಸ್ತೋತ್ರಗಳೆಲ್ಲ ಬಾಯಿಪಾಠ, ಓದು ಮಾತ್ರ ಬಾರದು. ಹೋದ ವರ್ಷ, ಹಳೇಬೀಡಿನಲ್ಲಿದ್ದ ಅವರ ತಂಗಿಗೆ ಕೊನೆಗಾಲವೆಂದು ಫೋನ್ ಬಂದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬರೇ ಬಸ್ ನಿಲ್ದಾಣಕ್ಕೆ ಓಡಿದರು. ನೂಕುನುಗ್ಗಲಿನಲ್ಲಿ “ಹಳೇಬೀಡಾ?” ಎಂದು ಕೇಳಿದ್ದಕ್ಕೆ ಯಾರೋ “ಹ್ಞೂಂ, ಹತ್ತಿ” ಎಂದರು. ಅದು ಹುಳಿಯಾರಿನ ಬಸ್ಸು. ಕಂಡಕ್ಟರ್ ಬಳಿಗೆ ಬರುವಷ್ಟರಲ್ಲಿ ಊರು ಹಿಂದೆಲ್ಲೋ ಉಳಿದಿತ್ತು. ತಿರುಗಿ ಬಂದು ಹಳೇಬೀಡು ಮುಟ್ಟಿದಾಗ ತಂಗಿ ಕಣ್ಣು ಮುಚ್ಚಿಯಾಗಿತ್ತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ನನ್ನಲ್ಲಿಗೆ ಬಂದು, “ನಂಗೆ ಓದೋದು ಹೇಳ್ಕೊಡೇ” ಎಂದರು.

ಅಕ್ಷರಗಳು ಬೇಗ ಬಂದವು. ಆದರೆ ಹ, ಳೇ, ಬೀ, ಡು ಎಂದು ಒಂದೊಂದನ್ನೇ ಹೇಳಿ ನನ್ನ ಮುಖ ನೋಡುತ್ತಿದ್ದರು.

“ಅಷ್ಟೂ ಸೇರಿದ್ರೆ ಏನಾಯ್ತು ಅತ್ತಿಗೆ?”

“ಏನೂ ಆಗ್ಲಿಲ್ವಲ್ಲೇ.”

ಅವರಿಗೆ ಮಾತೆಂದರೆ ಇಡೀ ತೆಂಗಿನಕಾಯಿ. ಅದು ಹೋಳಾಗುತ್ತದೆಂದು ಅವರ ಕಿವಿಗೆ ಯಾರೂ ತೋರಿಸಿರಲಿಲ್ಲ. ಪುಸ್ತಕ ಮುಚ್ಚಿಟ್ಟೆ. ಅಡುಗೆಮನೆಯಲ್ಲಿ ಕೂತು, ಚಪ್ಪಾಳೆ ತಟ್ಟುತ್ತ ಮಾತುಗಳನ್ನು ಒಡೆಯತೊಡಗಿದೆವು: ರಾ-ಗಿ, ಬೆ-ಲ್ಲ, ತು-ಳ-ಸಿ.

“ಕಮಲದಲ್ಲಿ ‘ಕ’ ತೆಗೆದ್ರೆ?”

ಅತ್ತಿಗೆ ಯೋಚಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಥೂ! ಪೂಜೆ ಹೂವನ್ನ ಏನು ಮಾಡ್ಬಿಟ್ಯೇ!” ತಂಗಿ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಅದಾಗಿ ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ನಾಲ್ಕು ಅಕ್ಷರಗಳ ಮೇಲೆ ಬೆರಳಾಡಿಸಿ ನಿಂತರು. ತುಟಿ ಅಲುಗಿತು. “ಹಳೇಬೀಡು.” ಸಂತೋಷಪಡುತ್ತಾರೆಂದುಕೊಂಡೆ. “ಇಷ್ಟೇನಾ?” ಎಂದರು. “ಇಷ್ಟಕ್ಕೆ ತಪ್ಪಿಹೋಯ್ತೇನೇ ಅವಳ ಮುಖ?” ನಾನೂ ಅವರೊಂದಿಗೆ ಅತ್ತೆ.

ಈ ವರ್ಷ ತಂಗಿಯ ತಿಥಿಗೆ ಬೋರ್ಡು ಓದಿ ಬಸ್ಸು ಹತ್ತಿದವರು ಅತ್ತಿಗೆಯೇ. ನಾನು ಬರೀ ಹಿಂಬಾಲಿಸಿದೆ. ದಾರಿಯುದ್ದಕ್ಕೂ ಕಿಟಕಿಯಾಚೆಯ ಅಂಗಡಿಗಳನ್ನೆಲ್ಲ ಓದತೊಡಗಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಸ್ವಲ್ಪ ಕಣ್ಣು ಮುಚ್ಚಿ ಒರಗಿಕೊಳ್ಳಿ ಅತ್ತಿಗೆ” ಎಂದೆ.

“ಮುಚ್ಚಿದ್ರೆ ಅವಳು ಬರ್ತಾಳೆ ಕಣೇ. ಓದ್ತಾ ಇರ್ತೀನಿ ಬಿಡು.”

ಅವರು ಓದುತ್ತಾ ಹೋದರು: ಗೊಬ್ಬರ, ಔಷಧಿ, ಮುಂದೆ ತಿರುವಿದೆ, ನಿಧಾನವಾಗಿ ಚಲಿಸಿ.