ಹೊಂಗೆ ಮರದಡಿಯ ಚೀಲಗಳು

ತೋಟ, ಆವರಣಗಳನ್ನು ರೂಪಿಸುವ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ನಕ್ಷೆಯಲ್ಲಿ ಮರ ಬರೆಯುವಾಗ ನೆಡುವ ದಿನದ ಸಸಿಯನ್ನು ಯಾರೂ ಬರೆಯುವುದಿಲ್ಲ. ಹದಿನೈದು ವರ್ಷದ ನಂತರ ಅದು ಎಷ್ಟು ಹರಡಿರುತ್ತದೋ ಅಷ್ಟಗಲದ ಹಸಿರು ವೃತ್ತ ಬರೆಯುತ್ತೇವೆ. ಸುಳ್ಳೇನಲ್ಲ, ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಆ ಮಾತನ್ನು ಹಾಕಿಯೂ ಇರುತ್ತೇವೆ. ಅದನ್ನು ಓದುವವರು ಕಡಿಮೆ. ವರ್ಷಗಟ್ಟಲೆ ಬರೆದೂ ಬರೆದೂ ನನಗೂ ಓದುವ ಅಭ್ಯಾಸ ತಪ್ಪಿಹೋಗಿತ್ತು.

ಊರಾಚೆಯ ಒಂದು ಮೃಗಾಲಯದ ಮುಂಬಾಗಿಲ ಆವರಣವನ್ನು ಹೊಸದಾಗಿ ರೂಪಿಸುವ ಕೆಲಸ ಜಯನಗರದ ನಮ್ಮ ಆಫೀಸಿಗೆ ಬಂತು. ಪ್ರಾಣಿಗಳ ಕಡೆಯದಲ್ಲ, ಮನುಷ್ಯರ ಕಡೆಯದು. ಬಸ್ಸಿಳಿದವರು ಟಿಕೆಟ್ ತೆಗೆದುಕೊಂಡು, ಸಾಲು ನಿಂತು, ಗೇಟು ದಾಟುವವರೆಗಿನ ಜಾಗ. ಆಗ ಅಲ್ಲಿದ್ದದ್ದು ಕೆಮ್ಮಣ್ಣು, ತುಕ್ಕು ಹಿಡಿದ ಕಂಬಿಗಳು, ಬಣ್ಣ ಹೋದ ಒಂದು ಸಿಮೆಂಟ್ ಜಿರಾಫೆ ಮತ್ತು ಒಂದು ಹಳೆಯ ಹೊಂಗೆ ಮರ. ಮರ ಬೆಳೆದಿದ್ದ ಜಾಗವೇ ಸರಿಯಿರಲಿಲ್ಲ. ಬಸ್ ಸ್ಟಾಪಿನಿಂದ ನೋಡಿದರೆ ಗೇಟಿನ ಅರ್ಧಭಾಗ ಅದರ ಹಿಂದೆ ಅಡಗುತ್ತಿತ್ತು.

ಜನ ಹೇಗೆ ಓಡಾಡುತ್ತಾರೆಂದು ತಿಳಿಯಲು ನಾನು ಭಾನುವಾರಗಳಂದು ಹೋಗುತ್ತಿದ್ದೆ. ತ್ಯಾಗರಾಜನಗರದ ಮನೆಯಲ್ಲಿ ನನ್ನ ಜೊತೆಗಿರುವ ಅಮ್ಮ, "ನಾನೂ ಬರ್ತೀನಿ, ಒಬ್ಳೇ ಕೂತು ಏನ್ ಮಾಡ್ಲಿ" ಎಂದು ಕಾರು ಹತ್ತುತ್ತಿದ್ದಳು. ಮಂಡಿ ನೋವು, ಒಳಗೆ ಅಷ್ಟು ದೂರ ನಡೆಯಲು ಅವಳಿಂದಾಗದು. ವೀಲ್‌ಚೇರ್ ಅಂದರೆ ಮುಖ ಸಿಂಡರಿಸುವಳು. ಹಾಗಾಗಿ ಹೊಂಗೆಯ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಪಕ್ಕದಲ್ಲಿ ಕಾಫಿ ಫ್ಲಾಸ್ಕ್ ಇಟ್ಟು ಕೂರಿಸಿ, ನಾನು ಟೇಪು ಹಿಡಿದು ಹೊರಡುತ್ತಿದ್ದೆ.

ಒಳಗೆ ಊಟ ತಿಂಡಿ ಒಯ್ಯುವಂತಿಲ್ಲ. ಇದು ಗೊತ್ತಿಲ್ಲದೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದ ಸಂಸಾರಗಳು ಗೇಟಿನಲ್ಲಿ ಬೈಸಿಕೊಂಡು ಮರದ ಕೆಳಗೆ ಬರುತ್ತಿದ್ದವು. ಕೆಲವರು ಬೆಳಿಗ್ಗೆ ಹತ್ತಕ್ಕೇ ಉಂಡು ಮುಗಿಸುತ್ತಿದ್ದರು. ಉಳಿದವರ ಕಣ್ಣು ಅಮ್ಮನ ಮೇಲೆ ಬೀಳುತ್ತಿತ್ತು. ನರೆತ ಕೂದಲು, ಕಾಟನ್ ಸೀರೆ, ಎಲ್ಲಿಗೂ ಓಡಿಹೋಗಲಾರದ ಮಂಡಿ. ಇದಕ್ಕಿಂತ ನಂಬಿಕೆಯ ಮನುಷ್ಯರು ಎಲ್ಲಿ ಸಿಗಬೇಕು?

"ಅಜ್ಜಿ, ಇಲ್ಲೇ ಇರ್ತೀರಾ? ಸ್ವಲ್ಪ ಬ್ಯಾಗ್ ನೋಡ್ಕೊಳ್ತೀರಾ?"

ಮೊದಲ ವಾರ ಎರಡು ಚೀಲ. ಮೂರನೆಯ ವಾರದ ಹೊತ್ತಿಗೆ ಬೆಡ್‌ಶೀಟಿನ ಮೇಲೆ ಅಮ್ಮನಿಗೇ ಜಾಗವಿರಲಿಲ್ಲ. ಯಾವ ಬುಟ್ಟಿ ಯಾರದೆಂದು ಅವಳಿಗೆ ಒಮ್ಮೆಯೂ ತಪ್ಪಲಿಲ್ಲ. ಪ್ರತಿಯಾಗಿ ಅವಳು ಕೇಳುತ್ತಿದ್ದದ್ದು ಒಳಗಿನ ಸುದ್ದಿ ಮಾತ್ರ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯ ಗಂಡಹೆಂಡತಿ ಹೊರಬಂದು, "ಹುಲಿ ಮಕ್ಕೊಂಡಿತ್ರೀ ಅಜ್ಜಿ, ಎಷ್ಟ್ ಹೊತ್ತು ನಿಂತ್ರೂ ಏಳಲಿಲ್ಲ" ಎಂದು ದೂರು ಹೇಳಿ, ಅವಳ ಕೈಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ಆಮೇಲೆ ಬಂದವರು ಬೇರೆ ಹೇಳಿದರು. ಸಂಜೆ ಕಾರಿನಲ್ಲಿ ಅಮ್ಮ ಎಲ್ಲವನ್ನೂ ಕೂಡಿಸಿ ನನಗೆ ಒಪ್ಪಿಸಿದಳು.

"ಬೆಳಿಗ್ಗೆ ಹೋದೋರಿಗೆ ಮಲಗಿತ್ತಂತೆ ಕಣೇ. ಹನ್ನೆರಡಕ್ಕೆ ಹೋದೋರಿಗೆ ಎದ್ದು ನೀರಿಗಿಳಿದಿತ್ತಂತೆ. ಪಾಪ, ಆ ರೊಟ್ಟಿಯೋರಿಗೆ ಅದೃಷ್ಟ ಇಲ್ಲ."

ಗೇಟಿನೊಳಗೆ ಒಂದು ಹೆಜ್ಜೆ ಇಡದೆ ಅವಳು ಮೃಗಾಲಯವನ್ನು ವಾರವಾರ ನೋಡುತ್ತಿದ್ದಳು. ನಾನು ಅರ್ಧ ಕಿವಿ ಕೊಟ್ಟು, ಮಳೆನೀರು ಎತ್ತ ಇಳಿಯಬೇಕೆಂದು ಯೋಚಿಸುತ್ತಿದ್ದೆ.

ನನ್ನ ನಕ್ಷೆ ಚೆನ್ನಾಗಿತ್ತು. ಈಗಲೂ ಹಾಗೇ ಹೇಳುತ್ತೇನೆ. ಬಸ್ ಸ್ಟಾಪಿನಿಂದ ಗೇಟಿಗೆ ನೇರವಾದ ಅಗಲ ದಾರಿ, ಎರಡು ಬದಿಗೂ ಹೊಳೆಮತ್ತಿ ಮರಗಳು, ಒಟ್ಟು ಇಪ್ಪತ್ತನಾಲ್ಕು, ನಡುನಡುವೆ ಗ್ರಾನೈಟ್ ಬೆಂಚುಗಳು. ಚೀಲಗಳಿಗೆ ಒಂದು ಸಾಲು ಲಾಕರ್. ಲಾಕರ್ ಯೋಚನೆ ಬಂದದ್ದು ಅಮ್ಮನ ಬೆಡ್‌ಶೀಟ್ ನೋಡಿಯೇ. ಜನರ ಕಷ್ಟ ಗಮನಿಸಿದ್ದೀರಿ ಎಂದು ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದರು. ಹೊಂಗೆ ಮರ ನೇರ ದಾರಿಯ ನಡುವೆ ಬರುತ್ತಿತ್ತು. ಅದನ್ನು ಚುಕ್ಕೆಗೆರೆಯ ವೃತ್ತವಾಗಿ ಬರೆದು, ಮೇಲೆ ಒಂದು ಅಡ್ಡಗೆರೆ ಎಳೆದಿದ್ದೆ. ತೆಗೆಯುವ ಮರಕ್ಕೆ ನಾವು ಹಾಕುವ ಗುರುತು ಅದು.

ಅಲ್ಲಿನ ತೋಟದ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಗೊಟ್ಟಿಗೆರೆಯವರು, ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು. "ಮೇಡಂ, ದಾರಿನ ಒಂದ್ ಹತ್ತಡಿ ಪಕ್ಕಕ್ಕೆ ತಳ್ಳಿದ್ರೆ ಮರ ಉಳ್ಕೊಳ್ಳುತ್ತೆ."

"ಇಪ್ಪತ್ನಾಲ್ಕು ಬರ್ತವಲ್ಲ, ಒಂದು ಹೋದ್ರೇನು?"

"ಅವು ಬರೋವರ್ಗೂ ಅಜ್ಜಿ ಎಲ್ಲಿ ಕೂರ್ತಾರೆ?"

ನಾನು ನಕ್ಕೆ. ಆದರೂ ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ದಾರಿಯನ್ನು ಹತ್ತಡಿ ತಳ್ಳಿ ನೋಡಿದೆ. ಮರ ಉಳಿಯಿತು. ದಾರಿ ಸೊಂಟ ತಿರುಗಿಸಿಕೊಂಡಿತು, ಬಸ್ಸಿಳಿದವರಿಗೆ ಗೇಟು ಎದುರಿಗೆ ಕಾಣಿಸದಾಯಿತು. ಎಲ್ಲರೂ ಹೊಗಳಿದ್ದ ಚಿತ್ರ ಕೆಟ್ಟಿತು. ಕಾಲು ಗಂಟೆ ಅದನ್ನೇ ನೋಡುತ್ತ ಕೂತಿದ್ದು, ಹಳೆಯದನ್ನು ವಾಪಸ್ ತಂದೆ. ಯಾರೂ ನನ್ನ ಕೈ ಹಿಡಿದು ಮಾಡಿಸಿದ್ದಲ್ಲ. ಆಗ ಅಮ್ಮ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದಳು, ಲಾಕರ್ ಇದೆಯಲ್ಲ, ಬೆಂಚಿದೆಯಲ್ಲ ಎಂದುಕೊಂಡೆ.

ಅನುಮತಿ ಬಂತು, ಒಂದು ಬುಧವಾರ ಮರ ಹೋಯಿತು. ಕೆಲಸ ನಡೆದಷ್ಟು ತಿಂಗಳೂ ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಧೂಳು ಎಂದು ಹೇಳಿದೆ, ಧೂಳು ಇದ್ದದ್ದೂ ನಿಜ.

ಆವರಣ ತೆರೆದ ಮೇಲಿನ ಮೊದಲ ಭಾನುವಾರ ಅವಳು ತಾನಾಗಿಯೇ ಸಿದ್ಧವಾದಳು. ಬೆಡ್‌ಶೀಟ್ ಒಗೆದು ಮಡಿಸಿಟ್ಟಿದ್ದಳು. ಏಪ್ರಿಲ್ ಬಿಸಿಲು. ಕಾರಿಳಿದು ಆ ಕಡೆ ಈ ಕಡೆ ನೋಡಿದಳು.

"ಮರ ಎಲ್ಲೇ?"

"ದಾರಿಗೆ ಅಡ್ಡ ಬರ್ತಿತ್ತಮ್ಮ."

ಅವಳು ದಾರಿಯನ್ನು ಆ ತುದಿಯವರೆಗೂ ನೋಡಿದಳು. ಬೆಂಚು ಕಾದಿತ್ತು. ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಛತ್ರಿ ಬಿಚ್ಚಿ ಕೂತಳು. ಹಿಂದೆ ಸರ್ವೆ ಮರದ ಗಳುವಿಗೆ ಕಟ್ಟಿದ ಹೊಳೆಮತ್ತಿ ಸಸಿ. ಅದರ ನೆರಳು ಒಂದು ಕರ್ಚೀಫಿನಷ್ಟಗಲ, ಅಷ್ಟೇ.

ಜನ ಬಂದರು. ಲಾಕರ್ ಬಾಗಿಲುಗಳು ಪಟಪಟ ತೆರೆದು ಮುಚ್ಚಿದವು. ತಿಂಡಿ ಬುಟ್ಟಿ ಹಿಡಿದ ಒಬ್ಬ ಹೆಂಗಸು ಅಮ್ಮನನ್ನು ನೋಡಿದಳು. ಅಮ್ಮ ಛತ್ರಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಹೆಂಗಸು ಗೋಡೆಯ ಮೇಲಿನ ಫಲಕ ಓದಿಕೊಂಡು ಲಾಕರ್ ಕಡೆ ನಡೆದಳು.

ಒಂದು ಗಂಟೆಯಾದ ಮೇಲೆ ಅಮ್ಮ ನನ್ನನ್ನು ಕೇಳಿದಳು. "ಹುಲಿ ಎದ್ದಿದ್ಯಾ ಇವತ್ತು?"

ನನಗೆ ಗೊತ್ತಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಗೆ ಹೋಗಿಬಂದು, ನಾನು ಒಮ್ಮೆಯೂ ಆ ಗೇಟು ದಾಟಿರಲಿಲ್ಲ. ನಾಚಿಕೆಯಾಯಿತು.

"ನೋಡ್ಕೊಂಡ್ ಬಂದು ಹೇಳ್ಲಾ?"

"ಬೇಡ ಬಿಡು, ಬಿಸಿಲು." ಬೆಡ್‌ಶೀಟ್ ಮಡಿಸತೊಡಗಿದಳು. ಎದ್ದು ನಿಲ್ಲುವಾಗ ಸಸಿಯ ಗಳುವನ್ನು ಹಿಡಿದುಕೊಂಡಳು. ಕೋಪವಿಲ್ಲದೆ, ಸುಮ್ಮನೆ ಹೇಳುವಂತೆ ಹೇಳಿದಳು. "ಚೆನ್ನಾಗಿ ಮಾಡಿದ್ದೀಯ. ನೆರಳು ಬಂದ್ಮೇಲೆ ಇನ್ನೊಂದ್ಸಲ ಕರ್ಕೊಂಡ್ ಬಾ."

ಆಯ್ತಮ್ಮ ಎಂದೆ. ಅವಳಿಗೆ ಆಗ ಎಪ್ಪತ್ತೊಂಬತ್ತು.