ಪ್ರಯಾಣದ ಉದ್ದೇಶ

ನಾನು ಬರೆದಷ್ಟು ಸುಳ್ಳನ್ನು ನಮ್ಮ ಕಡೆ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಕಥೆಗಾರನೆಂದು ತಿಳಿಯಬೇಡಿ, ಪುತ್ತಿಗೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಮಗುವನ್ನು ಸೇರಿಸಲು ಬಂದ ತಾಯಂದಿರು ಹುಟ್ಟಿದ ದಿನ ಕೇಳಿದರೆ, "ದೊಡ್ಡ ನೆರೆ ಬಂದ ವರ್ಷ, ಹಲಸು ಹಣ್ಣಾಗುವ ಸಮಯ" ಎನ್ನುತ್ತಿದ್ದರು. ಸರಕಾರದ ಪುಸ್ತಕಕ್ಕೆ ಹಲಸು ನಡೆಯುವುದಿಲ್ಲ. ನಾನು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸುತ್ತಿದ್ದೆ. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ಆಮೇಲೆ ಧೈರ್ಯವಾಗಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದೆ. ಹೀಗೆ ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದರು.

ಆ ಪಾಪ ನನ್ನನ್ನು ಹುಡುಕಿಕೊಂಡು ಬಂದದ್ದು ನಿವೃತ್ತಿಯ ಎಷ್ಟೋ ವರ್ಷಗಳ ನಂತರ, ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಗೆ.

ಕರೆದುಕೊಂಡು ಬಂದವಳು ಐಸಮ್ಮ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದನೇ ಕ್ಲಾಸಿಗೆ ನಾನೇ ಸೇರಿಸಿಕೊಂಡವಳು. ಮೂರನೆಯದಕ್ಕೆ ಶಾಲೆ ಬಿಟ್ಟಳು, ಮುಂದೆ ತನ್ನ ಮಗ ಹನೀಫನನ್ನೂ ನನ್ನ ಹತ್ತಿರವೇ ಸೇರಿಸಿದಳು. ಹನೀಫ ದುಬೈಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹಿಂದಿನ ವರ್ಷ ಅಲ್ಲಿಯೇ ಎದೆನೋವಿನಿಂದ ತೀರಿಕೊಂಡ, ಅಲ್ಲಿಯೇ ಮಣ್ಣಾದ. ಐಸಮ್ಮನಿಗೆ ಒಮ್ಮೆ ಆ ಮಣ್ಣಿನ ಹತ್ತಿರ ಹೋಗಬೇಕಿತ್ತು. ಪಾಣೆಮಂಗಳೂರಿನ ಅವಳ ತಮ್ಮ ಜೊತೆಗೆ ಹೊರಟಿದ್ದ. ತನ್ನ ವೀಸಾ ಆಗಿದೆ, ಅಕ್ಕನದನ್ನು ಇಂಟರ್ನೆಟ್ಟಿನಲ್ಲಿ ಟೂರಿಸ್ಟ್ ಎಂದು ಹಾಕಿದರೆ ಸಾಕು, ಮಾಸ್ಟ್ರಿಗೆ ಇಂಗ್ಲಿಷ್ ಬರುತ್ತದಲ್ಲ ಎಂದಿದ್ದನಂತೆ.

ಇಂಗ್ಲಿಷ್ ಬರುತ್ತದೆ, ಕಂಪ್ಯೂಟರ್ ಬರುವುದಿಲ್ಲ. ಒಂದೇ ಬೆರಳಿನಲ್ಲಿ ಅವಳ ಹೆಸರು ಒತ್ತುವಷ್ಟರಲ್ಲಿ ಬೆವರಿದೆ. ಹುಟ್ಟಿದ ದಿನಕ್ಕೆ ಪಾಸ್‌ಪೋರ್ಟ್ ನೋಡಿದರೆ ಜೂನ್ ಒಂದು! ನನ್ನದೇ ಕೈಬರಹದ ಸರ್ಟಿಫಿಕೇಟಿನಿಂದ ಹೋದದ್ದು. ಒಮ್ಮೆ ಕೆಮ್ಮಿ ಮುಂದಕ್ಕೆ ಹೋದೆ.

ಮುಂದಿನದು ಪ್ರಯಾಣದ ಉದ್ದೇಶ. ನಾನು ಓದಿ ಹೇಳಿದೆ: ಪ್ರವಾಸ, ವ್ಯಾಪಾರ, ಸಂಬಂಧಿಕರ ಭೇಟಿ.

"ಸಂಬಂಧಿಕರದ್ದೇ ಒತ್ತಿ ಮಾಸ್ಟ್ರೇ" ಎಂದಳು.

ಒತ್ತಿದೆ. ಕೆಳಗೆ ಇನ್ನೊಂದು ಪೆಟ್ಟಿಗೆ ತೆರೆದುಕೊಂಡಿತು. ಸಂಬಂಧಿಕರ ಹೆಸರು, ಈಗಿನ ವಿಳಾಸ, ಫೋನ್ ನಂಬರ್. ಹೆಸರಿನವರೆಗೆ ಓದಿ ಹೇಳಿ, ವಿಳಾಸವನ್ನು ಓದದೆ ಬಿಟ್ಟೆ. ಆದರೂ ಅವಳಿಗೆ ಅರ್ಥವಾಯಿತು. ತಿರುಗಿ ಪ್ರವಾಸವನ್ನೇ ಒತ್ತಿದೆ.

"ಅದೆಂಥದು?"

"ಊರು ನೋಡಲಿಕ್ಕೆ ಹೋಗುವುದು."

"ಅದು ಬೇಡ. ಮಗನ ಖಬರಿನ ಹತ್ತಿರ ಹೋಗುವಾಗ ಸುಳ್ಳು ಹೇಳಿ ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ಸಮಾಧಾನ ಹೇಳಿದೆ. ಅರ್ಜಿ ಎಂದರೆ ಹೀಗೆಯೇ, ಎಲ್ಲರೂ ಬರೆಯುತ್ತಾರೆ, ಯಾರು ಕೇಳುತ್ತಾರೆ ಎಂದೆ. ಜೀವನಪೂರ್ತಿ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಾಪಿ ಬರೆಸಿದವನು ನಾನು! ಈ ವಾದ ನಡೆಯುತ್ತಿರುವಾಗ ಅವಧಿ ಮುಗಿಯಿತೆಂದು ಪರದೆ ಎಲ್ಲವನ್ನೂ ಅಳಿಸಿಹಾಕಿತು. ನಮ್ಮದು ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟವಾಗಬೇಕು. ಹೊರಗೆ ಬಿಸಿಲು ಇಳಿಯುತ್ತಿತ್ತು. ಇವಳು ಬೇಡವೆಂದು ಎದ್ದುಹೋದರೆ ಮತ್ತೆ ಹೊರಡಲಿಕ್ಕಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಐಸಮ್ಮ ಪಾಸ್‌ಪೋರ್ಟನ್ನು ಮತ್ತೆ ನನ್ನ ಕಡೆಗೆ ಸರಿಸಿದಳು.

"ಹಾಗಾದ್ರೆ ಒಂದು ಕೆಲಸ ಮಾಡುವ ಮಾಸ್ಟ್ರೇ. ಮೊದಲು ಎರಡು ದಿನ ಊರೇ ನೋಡ್ತೇನೆ. ಅವನು ಇಷ್ಟು ವರ್ಷ ಇದ್ದ ಊರಲ್ವಾ? ಆಮೇಲೆ ಅವನಲ್ಲಿಗೆ. ಆಗ ಸುಳ್ಳಾಗುದಿಲ್ಲ. ಬರೀರಿ."

ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆದೆ. ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ಸತ್ಯವೆಂದು ಒಂದು ಗುರುತು ಹಾಕಬೇಕಿತ್ತು. ಜೂನ್ ಒಂದು ನೆನಪಾಯಿತು. ಅವಳು ನೋಡುತ್ತಿದ್ದಳು, ಹಾಕಿಬಿಟ್ಟೆ.

ವೀಸಾ ಬಂತು. ಹೋಗಿ ಬಂದವಳು ಒಂದು ಪೊಟ್ಟಣ ಖರ್ಜೂರ ಹಿಡಿದು ನಮ್ಮ ಮನೆಗೆ ಬಂದಳು. ಹನೀಫ ಕೆಲಸಕ್ಕೆ ಹೋಗಲು ದಿನವೂ ಹಿನ್ನೀರು ದಾಟುತ್ತಿದ್ದ ದೋಣಿಯಲ್ಲಿ ಕುಳಿತಳಂತೆ. ಅವನು ಬಟ್ಟೆ ಮಡಚುತ್ತಿದ್ದ ಅಂಗಡಿಯಲ್ಲಿ ಒಂದು ದುಪ್ಪಟ್ಟಾ ಕೊಂಡಳಂತೆ. ಪಕ್ಕದ ಚಾದಂಗಡಿಯವನು ಅವನ ತಾಯಿಯೆಂದು ತಿಳಿದು ದುಡ್ಡು ತೆಗೆದುಕೊಳ್ಳಲಿಲ್ಲವಂತೆ. ಮೂರನೆಯ ದಿನ ಖಬರಸ್ಥಾನದ ಹೊರಗಿನ ಗೋಡೆಯ ಹತ್ತಿರ ನಿಂತು ದುವಾ ಮಾಡಿದಳಂತೆ. ಹೆಂಗಸರು ಒಳಗೆ ಹೋಗುವುದು ಅವರಲ್ಲಿ ರೂಢಿ ಇಲ್ಲ.

"ನಾವು ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ" ಎಂದು ಅವಳು ನೆಮ್ಮದಿಯಿಂದ ಹೇಳಿದಳು.

ನನಗೆ ತಡೆಯಲಾಗಲಿಲ್ಲ. "ಒಂದುಂಟು ಐಸಮ್ಮ. ನಿನ್ನ ಹುಟ್ಟಿದ ದಿನ. ಅದು ನಾನು ಕೈಯಿಂದ ಹಾಕಿದ್ದು" ಎಂದೆ.

ಅವಳು ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

"ಗೊತ್ತುಂಟು. ನಾನು ಹುಟ್ಟಿದ್ದು ಉಪವಾಸದ ತಿಂಗಳಲ್ಲಿ ಅಂತ ಉಮ್ಮ ಹೇಳ್ತಿದ್ರು. ಆದ್ರೆ ಹನೀಫ ಪಾಸ್‌ಪೋರ್ಟ್ ನೋಡಿದವನು, ಪ್ರತಿ ವರ್ಷ ಜೂನ್ ಒಂದಕ್ಕೇ ಅಲ್ಲಿಂದ ಫೋನ್ ಮಾಡ್ತಿದ್ದ. 'ಉಮ್ಮಾ, ಇವತ್ತು ನಿಮ್ಮ ದಿನ' ಅಂತ. ಅದನ್ನು ಸುಳ್ಳು ಅಂತ ಹೇಳ್ಬೇಡಿ ಮಾಸ್ಟ್ರೇ."

ಆ ವರ್ಷದ ಜೂನ್ ಒಂದಕ್ಕೆ, ಬೆಳಿಗ್ಗೆಯೇ, ಅವಳ ಮನೆಗೆ ಫೋನ್ ಮಾಡಿದೆ.