ಬಾಣಂತಿ ಮೋಟಾರಿನ ನಡುಕ

ಹಾನಗಲ್ಲಿನಲ್ಲಿ ನಮ್ಮ ಗಾಡಿಗೆ ಬಾಣಂತಿ ಮೋಟಾರು ಎಂದೇ ಹೆಸರು. ಬಾಡಿಗೆಗೆ ಓಡುವ ಮೋಟಾರುಗಳು ಊರಲ್ಲಿ ಬೇರೆಯೂ ಇದ್ದವು. ಆದರೆ ತವರಿನಲ್ಲಿ ಹೆತ್ತ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕರೆತರುವ ಹೊತ್ತು ಬಂದರೆ ಹಿರಿಯರು ನಮ್ಮ ಬಾಗಿಲಿಗೇ ಬರುತ್ತಿದ್ದರು. ನಮ್ಮವರು ಗಾಡಿ ಓಡಿಸಿದರೆ ತೊಡೆಯ ಮೇಲೆ ಮಲಗಿದ ಕೂಸು ಏಳುವುದಿರಲಿ, ಮಗ್ಗುಲೂ ಆಗುವುದಿಲ್ಲ ಎಂಬ ಮಾತು ಶಿಗ್ಗಾವಿಯಿಂದ ಹಿರೇಕೆರೂರಿನ ತನಕ ಹಬ್ಬಿತ್ತು. ಯಾರಾದರೂ ಹಾಗೆಂದಾಗ ನನ್ನ ಗಂಡ ಕೇಳಿಸದವರ ಹಾಗೆ ಬಾನೆಟ್ಟು ಒರೆಸುತ್ತ ನಿಲ್ಲುತ್ತಿದ್ದರು. ಒಳಗೊಳಗೆ ಹಿಗ್ಗಿ ಹೀರೇಕಾಯಿ ಆಗಿರುತ್ತಿದ್ದರು, ನನಗೇನು ಗೊತ್ತಿರಲಿಲ್ಲವೇ!

ಆ ಗಾಡಿಯಲ್ಲಿ ನನಗೂ ಒಂದು ಕೆಲಸವಿತ್ತು. ಕೂಸು ಮೊದಲ ಸಲ ಊರ ಸೀಮೆ ದಾಟುವಾಗ ಜೊತೆಗೊಬ್ಬ ಮುತ್ತೈದೆ ಇರಬೇಕು, ಕೂಸಿನ ಮಗ್ಗುಲಲ್ಲಿ ಕಬ್ಬಿಣ ಇರಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಹಾಗಾಗಿ ಬಾಣಂತಿಯ ಪಕ್ಕದಲ್ಲಿ ತೊಡೆಯ ಮೇಲೊಂದು ಕುಡುಗೋಲು ಇಟ್ಟುಕೊಂಡು ನಾನು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಇಡೀ ಗಾಡಿಯೇ ಕಬ್ಬಿಣ, ಮತ್ತೆ ಈ ಕುಡುಗೋಲು ಯಾಕೆ ಎಂದು ಒಮ್ಮೆ ಕೇಳಿ ಅತ್ತೆಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೆ. ಗಾಡಿಯ ಮೇಲೆ ತೊಟ್ಟಿಲು ಕಟ್ಟಿರುತ್ತಿತ್ತು. ದಾರಿಯಲ್ಲಿ ತಾಯಿ ದಣಿದು ತೂಕಡಿಸಿದರೆ ಕೂಸು ನನ್ನ ಕೈಗೆ ಬರುತ್ತಿತ್ತು.

ಇನ್ನೊಂದು ಕಟ್ಟಳೆ ನಮ್ಮವರದೇ. ದಸರೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಗಾಡಿ ತೊಳೆದು, ಸ್ಟೇರಿಂಗಿಗೆ ಅರಿಶಿನದ ದಾರದ ಕಂಕಣ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಮುಂದಿನ ದಸರೆಯ ತನಕ ಅದರ ಮೇಲೆ ಬೇರೆಯವರ ಕೈ ಬೀಳುವಂತಿಲ್ಲ. ಎಳೆಯ ಕೂಸುಗಳನ್ನು ಒಯ್ಯುವ ಗಾಡಿ, ಒಂದೇ ಕೈಯ ಮೇಲೆ ನಡೆಯಬೇಕು ಎನ್ನುವುದು ಅವರ ನಂಬಿಕೆ. ಊರವರು ಅದನ್ನು ಮೆಚ್ಚಿ ಮಾತಾಡುತ್ತಿದ್ದರು. ನಾನೂ ಮೆಚ್ಚಿದ್ದೆ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಆ ವರ್ಷ ಹೊಸ ಕಂಕಣ ಕಟ್ಟಿ ಸ್ವಲ್ಪ ದಿನವಾಗಿತ್ತು, ಹೊಲಗಳಲ್ಲಿ ಭತ್ತ ತೆನೆಗೆ ಬಂದಿತ್ತು. ಶಿಗ್ಗಾವಿಯಿಂದ ಒಬ್ಬ ಬಾಣಂತಿಯನ್ನು ಕರೆತರುತ್ತಿದ್ದೆವು. ನಮ್ಮವರು ಗಾಡಿಯ ವೇಗ ತಗ್ಗಿಸಿ ನನ್ನ ಕಡೆ ಕತ್ತು ತಿರುಗಿಸಿದರು.

"ಸ್ಟೇರಿಂಗ ನಡುಗಾಕತ್ತೈತಿ. ನಿನಗ ಹಿಂದ ಏನೂ ಗೊತ್ತಾಗವಲ್ದೇನು?"

"ಏನೂ ಇಲ್ರಿ. ಕೂಸು ಸುಮ್ಮನ ಮಲಗೇತಿ."

"ನಿನಗ ಸಿಡ್ಲು ಬಡದ್ರೂ ಗೊತ್ತಾಗೂದಿಲ್ಲ ಬಿಡು."

"ಆತ್ರಿ, ಮುಂದ ನೋಡ್ಕೊಂಡು ಹೊಡೀರಿ," ಎಂದೆ ನಾನು. ಆಗ ಅದು ಗಂಡಹೆಂಡಿರ ದಿನನಿತ್ಯದ ಮಾತು, ಅಷ್ಟೇ.

ಮರುದಿನವೇ ಸವಣೂರಿಗೆ ಹೋದರು. ಅಲ್ಲಿಯ ಮಿಸ್ತ್ರಿ ನಮ್ಮ ಗಾಡಿಯ ಹಳೆಯ ವೈದ್ಯ, ನಮ್ಮವರಿಗೆ ತಮ್ಮನ ಸಮಾನ. ಹೋದಾಗಲೆಲ್ಲ ನನಗೆಂದು ಒಂದು ಕಟ್ಟು ಸವಣೂರು ವೀಳ್ಯದೆಲೆ ಕೊಟ್ಟು ಕಳಿಸುವವರು. ಅವರು ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದರು. ಒಂದು ವಾರ ಚೆನ್ನಾಗಿದೆ ಎಂದರು ನಮ್ಮವರು, ಆಮೇಲೆ ಮತ್ತೆ ಅದೇ ರಾಗ. ಎರಡನೆಯ ಸಲ ಎಂಜಿನ್ ಕೆಳಗಿನ ರಬ್ಬರು ಬದಲಾಯಿತು. ಆಮೇಲೆ ಗಾಲಿಯ ಮೇಲಿನ ಕಬ್ಬಿಣದ ಪಾಟಾ ಬಿಚ್ಚಿದರು, ಗಾಲಿಗೂ ಸ್ಟೇರಿಂಗಿಗೂ ನಡುವಿನ ಸಲಾಕೆ ಬಿಚ್ಚಿದರು, ಗ್ರೀಸು ತುಂಬಿ ಮತ್ತೆ ಕೂಡಿಸಿದರು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಎಂಜಿನ್ನು ಚಾಲೂ ಇತ್ತು. ಮಿಸ್ತ್ರಿ ಗೋಣಿತಾಟು ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದ್ದರು, ನಮ್ಮವರು ಮೇಲೆ ಸ್ಟೇರಿಂಗು ಹಿಡಿದು ಕೂತಿದ್ದರು.

"ಈಗ ಹೆಂಗೈತ್ರಿ ಅಣ್ಣಾರ?"

"ಐತಿ. ಇನ್ನೂ ಐತಿ."

ಮಿಸ್ತ್ರಿ ಹೊರಗೆ ಬಂದು ಎಂಜಿನ್ನಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. "ಎಂಜಿನ್ನ ಹೂವಿನಂಗ ಓಡಾಕತ್ತೈತಿ. ನನಗ ತಿಳಿವಲ್ದು. ಒಮ್ಮೆ ನಾ ಸ್ಟೇರಿಂಗ ಹಿಡದು ನೋಡ್ಲೇನ್ರಿ?"

"ಕಂಕಣ ಕಟ್ಟೇನಿ. ದಸರಾ ತನಕ ಬ್ಯಾಡ."

ಮಿಸ್ತ್ರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಹೌದ್ರಿ, ಹರಕಿ ಅಂದಮ್ಯಾಲ ಹರಕಿ," ಎಂದರು. ದರ್ಗಾಕ್ಕೆ ನಡೆದುಕೊಳ್ಳುವ ಮನುಷ್ಯ, ಕಟ್ಟಿದ ದಾರ ಎಂದರೆ ಏನೆಂದು ಅವರಿಗೆ ಬೇರೆ ಹೇಳಬೇಕಿರಲಿಲ್ಲ. ನಾನೂ ಸರಿ ಸರಿ ಎಂದು ತಲೆಯಾಡಿಸಿದೆ. ಮೂರೂ ಜನ ಸೇರಿ ಮಾಡಿದ ತಪ್ಪು ಅದು.

ಮನೆಯಲ್ಲಿ ಚಹಾ ಬಸಿಯಿಂದ ಅವರ ಧೋತರದ ಮೇಲೆ ತುಳುಕತೊಡಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕೇಳಿದರೆ, "ದಿನಾ ಆ ಸ್ಟೇರಿಂಗ ಹಿಡದು ಹಿಡದು ಗಾಡಿ ನಡುಕ ಕೈಗೆ ಇಳದೈತಿ. ಗಾಡಿ ಸರಿ ಆದ್ರ ಇದೂ ಸರಿ ಆಗತೈತಿ," ಎನ್ನುತ್ತಿದ್ದರು. ನನಗೆ ಅದು ಖರೆ ಅನ್ನಿಸಿತು. ಹರಳೆಣ್ಣೆ ಬೆಚ್ಚಗೆ ಮಾಡಿ ಬಲಗೈಗೆ ತಿಕ್ಕುತ್ತಿದ್ದೆ, ಆ ದರಿದ್ರ ಗಾಡಿಗೆ ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದೆ. ಅಯ್ಯೋ, ಎಷ್ಟು ಬೈದೆನೋ ಅದನ್ನು!

ಕೊನೆಗೆ ಅವರೇ ತೀರ್ಮಾನ ಮಾಡಿದರು: ನಡುಕ ಹೋಗುವ ತನಕ ಬಾಣಂತಿಯರ ಬಾಡಿಗೆ ಬೇಡ. "ನಡುಗೂ ಗಾಡ್ಯಾಗ ಎಳೀಕೂಸು ಕುಂದ್ರಿಸಿ ನಾ ಏನಂತ ಉತ್ತರಾ ಹೇಳ್ಲಿ?" ಬಂದವರನ್ನೆಲ್ಲ ಕೈಮುಗಿದು ಕಳಿಸುತ್ತಿದ್ದರು. ಅವರು ಹೋದ ಮೇಲೆ ಕಟ್ಟೆಯ ಮೇಲೆ ಕೂತು ಗಾಡಿಯನ್ನೇ ನೋಡುತ್ತಿದ್ದರು. ಆ ಒಂದು ಹೆಸರು ಬಿಟ್ಟರೆ ಅವರಿಗೆ ಬೇರೆ ಹೆಮ್ಮೆ ಇರಲಿಲ್ಲ. ಅದು ಹೋದರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆಯಾಗುತ್ತಿತ್ತು.

ಹಾಗಿರುವಾಗ ನಮ್ಮ ಓಣಿಯ ಹಿರಿಯವಳೊಬ್ಬಳು ಬಂದಳು. ಅವಳ ಸೊಸೆ ಹಿರೇಕೆರೂರಿನ ತವರಿನಲ್ಲಿ ಹೆತ್ತಿದ್ದಳು. ಮೊದಲಿನ ಎರಡು ಕೂಸು ಕಣ್ಣು ಬಿಡುವುದರೊಳಗೆ ಹೋಗಿದ್ದವು, ಇದು ಉಳಿದಿತ್ತು. ನಮ್ಮವರು ಗಾಡಿ ಸರಿಯಿಲ್ಲವೆಂದು ಎಷ್ಟು ಹೇಳಿದರೂ ಆಕೆ ಬಾಗಿಲು ಬಿಟ್ಟು ಏಳಲಿಲ್ಲ.

"ನಿನ್ನ ಗಾಡಿ ಬಿಟ್ಟು ಬ್ಯಾರೇದರಾಗ ಈ ಕೂಸು ತರಾಂಗಿಲ್ಲಪಾ. ನನಗ ಧೈರ್ಯ ಸಾಲೂದಿಲ್ಲ."

ಅಷ್ಟಂದ ಮೇಲೆ ಇವರು ಒಲ್ಲೆನೆನ್ನಲಿಲ್ಲ. ಮತ್ತೊಮ್ಮೆ ಸವಣೂರಿಗೆ ಹೋಗಿ ಎಲ್ಲ ಬಿಗಿ ಮಾಡಿಸಿಕೊಂಡು ಬಂದರು. ಒಂದು ಬೆಳಗ್ಗೆ ಹಿರೇಕೆರೂರಿಗೆ ಹೋಗಿ ತಾಯಿಮಗುವನ್ನು ಹತ್ತಿಸಿಕೊಂಡೆವು. ಹುಡುಗಿ ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ಕೂಸನ್ನು ನನ್ನ ಕೈಗಿಟ್ಟು ಕಣ್ಣು ಮುಚ್ಚಿದಳು. ಬೆಣ್ಣೆಯ ಮುದ್ದೆಯಂಥ ಗಂಡುಕೂಸು.

ತಿಳವಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ ಕುರಿಯ ಹಿಂಡು ಅಡ್ಡ ಬಂತು. ಕೂಸು ಮಲಗಿದೆ, ಹಾರ್ನು ಹೊಡೆಯುವುದು ಬೇಡವೆಂದು ನಮ್ಮವರು ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ನು ಬಂದ್ ಮಾಡಿದರು. ಕುರಿಗಳು ಗಾಡಿಯ ಎರಡೂ ಮಗ್ಗುಲಲ್ಲಿ ಹರಿದು ಹೋಗತೊಡಗಿದವು.

"ನೋಡು," ಎಂದರು ದನಿ ತಗ್ಗಿಸಿ. "ನಿಂತರೂ ನಡುಗಾಕತ್ತೈತಿ."

ಎಂಜಿನ್ನೇ ಬಂದ್ ಇದೆಯಲ್ಲ ಎಂದು ನನ್ನ ನಾಲಗೆಯ ತುದಿಗೆ ಬಂತು. ಮುಂದಕ್ಕೆ ಬಾಗಿ ನೋಡಿದೆ. ಸ್ಟೇರಿಂಗಿಗೆ ಕಟ್ಟಿದ ಕಂಕಣದ ತುದಿ ಪಟಪಟ ಅಲುಗುತ್ತಿತ್ತು. ಅಷ್ಟರಲ್ಲಿ ಅವರು ಬಲಗೈ ಎತ್ತಿ ಹಣೆಯ ಬೆವರು ಒರೆಸಿಕೊಂಡರು. ದಾರದ ತುದಿ ನಿಂತುಬಿಟ್ಟಿತು. ಕೈ ಮತ್ತೆ ಸ್ಟೇರಿಂಗಿನ ಮೇಲೆ ಬಂತು, ದಾರ ಮತ್ತೆ ಅಲುಗಿತು.

ಅವರೂ ನೋಡಿದರು. ಕೈ ಎತ್ತಿದರು, ಇಟ್ಟರು. ಮತ್ತೆ ಎತ್ತಿದರು. ಎತ್ತಿದ ಕೈ ಗಾಳಿಯಲ್ಲಿ ಒಂದೇ ಸಮನೆ ನಡುಗುತ್ತಿತ್ತು.

"ಏನಾತ್ರೀ?" ಎಂದಳು ಬಾಣಂತಿ ಕಣ್ಣು ಬಿಟ್ಟು.

"ಏನಿಲ್ಲವ್ವಾ, ಕುರಿ ದಾಟಾಕತ್ತಾವು. ನೀ ಮಲಕ್ಕೊ," ಎಂದೆ.

ಕುರಿಗಳು ದಾಟಿದ ಮೇಲೂ ಅವರು ಕೂತೇ ಇದ್ದರು. ನಡು ಹಾದಿಯಲ್ಲಿ ಹಸಿ ಬಾಣಂತಿಯನ್ನು ಇಳಿಸುವ ಹಾಗಿಲ್ಲ, ಗಾಡಿ ಓಡಿಸಲು ಮತ್ತೊಬ್ಬರಿಲ್ಲ. ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಬಿಟ್ಟು, ಎಂಜಿನ್ನು ಚಾಲೂ ಮಾಡಿದರು. ಎತ್ತಿನ ಬಂಡಿಗಳೂ ನಮ್ಮನ್ನು ಹಿಂದೆ ಹಾಕುವಷ್ಟು ಸಾವಕಾಶ ಹೊರಟೆವು. ನಾನು ಮನೆದೇವರನ್ನೆಲ್ಲ ಕರೆದೆ.

ತಿಳವಳ್ಳಿ ದಾಟಿದ ಮೇಲೆ ಒಂದು ಸಣ್ಣ ಸೇತುವೆಯ ಹತ್ತಿರ ಗಾಡಿ ಜೋರಾಗಿ ಒಂದು ಕಡೆ ಎಳೆಯಿತು. ಎಡಗಾಲಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದು, ಹೇಗೋ ಮತ್ತೆ ಮೇಲೆ ಬಂತು. ನನ್ನ ತೊಡೆಯ ಮೇಲಿದ್ದ ಕುಡುಗೋಲು ಕೆಳಗೆ ಬಿತ್ತು. ಕೂಸು ಕಣ್ಣು ಬಿಟ್ಟಿತು. ತುಟಿ ಸೊಟ್ಟ ಮಾಡಿ ಇನ್ನೇನು ಅಳಬೇಕು, ನಾನು ಕಿರುಬೆರಳನ್ನು ಬಾಯಿಗಿಟ್ಟೆ. ಚೀಪುತ್ತ ನನ್ನ ಮುಖವನ್ನೇ ನೋಡುತ್ತಿತ್ತು.

"ಎದ್ದತೇನು?" ಎಂದರು ಅವರು, ತಿರುಗಿ ನೋಡದೆ.

"ಇಲ್ರಿ. ಮಲಗೇತಿ. ನೀವು ಮುಂದ ನೋಡ್ರಿ."

ಹಾನಗಲ್ಲಿನಲ್ಲಿ ಅಜ್ಜಿ ಆರತಿ ಎತ್ತಿ ಮೊಮ್ಮಗನನ್ನು ಒಳಗೆ ಕರೆದುಕೊಂಡಳು. ನಮ್ಮವರನ್ನೂ ಕರೆದಳು. ಅವರು ಗಾಡಿಯಿಂದ ಇಳಿಯಲೇ ಇಲ್ಲ.

ಮರುದಿನ ನೆರೆಯ ಗಾಡಿಯವನೊಬ್ಬನನ್ನು ಬರಹೇಳಿ ಸವಣೂರಿನ ತನಕ ಓಡಿಸೆಂದು ಕೇಳಬಹುದಿತ್ತು. ಕಂಕಣ ಇದ್ದ ಸ್ಟೇರಿಂಗನ್ನು ಅವರು ಆಗಲೂ ಬಿಟ್ಟುಕೊಡಲಿಲ್ಲ, ನನ್ನನ್ನು ಕೂರಿಸಿಕೊಂಡು ತಾವೇ ಓಡಿಸಿದರು. ಮಿಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದರು. "ನೀನ ಬಿಚ್ಚು. ನನ್ನ ಕೈಲೆ ಗಂಟು ಬಿಚ್ಚಾಕ ಆಗೂದಿಲ್ಲ." ಗಂಟು ನನಗೂ ಬಿಚ್ಚಲಿಲ್ಲ. ಹಿಂದಿನ ದಿನದಿಂದ ಗಾಡಿಯಲ್ಲೇ ಬಿದ್ದಿದ್ದ ಕುಡುಗೋಲಿನಿಂದ ಕೊಯ್ದೆ.

ಮಿಸ್ತ್ರಿ ಓಡಿಸಿದರು. ನಮ್ಮವರು ಹಿಂದೆ, ನನ್ನ ಜಾಗದಲ್ಲಿ ಕೂತರು. ಬಂಕಾಪುರದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ತಿರುಗಿ ಬಂದೆವು, ಮಿಸ್ತ್ರಿಯ ಕೈಯಲ್ಲಿ ಸ್ಟೇರಿಂಗು ನಡುಗಲೇ ಇಲ್ಲ. ನಮ್ಮವರು ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟರು.

"ಗಾಡಿ ಚಲೋ ಐತಿ," ಎಂದರು. "ಪಾಪ, ಇದರದೇನೂ ತಪ್ಪಿಲ್ಲ. ಸುಮ್ಮನ ಎಷ್ಟ್ ಬಿಚ್ಚಿ ಬಿಚ್ಚಿ ಹಾಕಿದ್ವಿ ಇದನ್ನ." ಹಾಗೆಂದು ಅಲ್ಲೇ, ಬೀದಿಯಲ್ಲಿ, ಅತ್ತರು. ನನ್ನ ಗಂಡ ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಮೊದಲ ದಿನಾನ ನಾ ಹಿಡದು ನೋಡಿದ್ರ..." ಎಂದು ಮಿಸ್ತ್ರಿ ತೊದಲಿದರು.

"ಹಿಡದಿದ್ರ ಏನ್ ಆಗತಿತ್ತು? ರೋಗ ಇಳದು ಹೋಗತಿತ್ತೇನು?" ಎಂದು ನಾನು ಅವರ ಮೇಲೆ ಹರಿಹಾಯ್ದೆ. ಆಮೇಲೆ ಕೈ ತೋರಿಸಿದಾಗ ಹುಬ್ಬಳ್ಳಿಯ ಡಾಕ್ಟರರು ಕಂಪವಾತ ಎಂದರು, ಇದಕ್ಕೆ ಗುಣವಿಲ್ಲ ಎಂದರು. ಗಾಡಿಯ ನಡುಕ ಎಂದುಕೊಂಡಿದ್ದ ಆ ತಿಂಗಳುಗಳೇ ಎಷ್ಟೋ ಚೆನ್ನಾಗಿದ್ದವು. ಗಾಡಿಗಾದರೆ ಬಿಚ್ಚಿ ಹಾಕಲು ಇನ್ನೂ ಏನಾದರೊಂದು ಉಳಿದಿರುತ್ತಿತ್ತು.

ಮಾರಿದ ಗಾಡಿ ಮಿಸ್ತ್ರಿಯ ಕಡೆಯವರಿಗೇ ಹೋಯಿತು. ಎಲೆಯ ಬುಟ್ಟಿ ಹೇರಿಕೊಂಡು ನಮ್ಮ ಊರಿನ ಮೇಲೇ ಓಡಾಡುತ್ತಿತ್ತು. ಅದರ ಸಪ್ಪಳ ಕೇಳಿದರೆ ನಮ್ಮವರು ಎದ್ದು ಒಳಗೆ ಹೋಗುತ್ತಿದ್ದರು.

ಆ ಕೂಸಿನ ಜವಳ ತೆಗೆಯುವ ದಿನ ಅಜ್ಜಿ ತಾನೇ ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಹೊಸದಾಗಿ ಬೋಳಿಸಿದ ತಲೆಗೆ ಗಂಧ ಹಚ್ಚಿಸಿಕೊಂಡು ಹುಡುಗ ನಗುತ್ತಿದ್ದ. ಸೊಸೆ ಅವನನ್ನು ಎತ್ತಿ ತಂದು, "ನೀವು ತಂದ ಕೂಸು, ಕಾಕಾ. ಎತ್ತಿಕೊಳ್ರಿ," ಎಂದಳು. ನಮ್ಮವರು ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. "ಬ್ಯಾಡವ್ವಾ. ಇಲ್ಲೇ ನನ್ನ ಮುಂದ ಕುಂದ್ರಸು, ನೋಡ್ತೇನಿ," ಎಂದರು. ಊಟ ಮುಗಿಯುವ ತನಕ ನೋಡುತ್ತಲೇ ಕೂತಿದ್ದರು.

ತಿರುಗಿ ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ನಿಂತು ಕೇಳಿದರು. "ಖರೇ ಹೇಳು. ಅವತ್ತ ಹಾದ್ಯಾಗ ಅದು ಎದ್ದಿತ್ತೇನು?"

"ಇಲ್ರಿ. ನಿಮ್ಮ ಗಾಡ್ಯಾಗ ಯಾವ ಕೂಸೂ ಎದ್ದಿಲ್ಲ."

ಅವರು ಹೋಗಿ ಬಹಳ ವರ್ಷವಾಯಿತು. ಮೇಲೆ ದೇವರೇ ಕೂರಿಸಿಕೊಂಡು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.